ದವಡೆ ಕೀಲು ನೋವೇ? ಆತುರ ಬೇಡ

1. ನೋವಿನ ಜಾಗ ಗುರುತಿಸಿ. ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆದು ಮುಚ್ಚಿ. ಬೆರಳ ಕೆಳಗೆ ಸರಿದಾಡುವುದೇ ದವಡೆ ಕೀಲು. ಇಲ್ಲಿನ ನೋವನ್ನು ಕಿವಿನೋವು ಎಂದುಕೊಂಡು ಹನಿ ಹಾಕಿಸಿಕೊಳ್ಳುವವರು ಬಹಳ. 1934ರಲ್ಲಿ ಈ ತೊಂದರೆಯ ಬಗ್ಗೆ ಬರೆದು ಅದಕ್ಕೆ ತಮ್ಮ ಹೆಸರೇ ಅಂಟುವಂತೆ ಮಾಡಿದ ಅಮೆರಿಕದ ಜೇಮ್ಸ್ ಕಾಸ್ಟೆನ್ ಕಿವಿ-ಮೂಗು-ಗಂಟಲು ವೈದ್ಯರೇ ಆಗಿದ್ದರು.

2. ಸದ್ದಿಗೆ ಹೆದರಬೇಡಿ. ಕೀಲಿನೊಳಗಿನ ಮೆತ್ತನೆಯ ಡಿಸ್ಕ್ ಜಾಗ ತಪ್ಪಿ ಮತ್ತೆ ಕೂರುವಾಗ ಕಟಕ್ ಎನ್ನುತ್ತದೆ. ನೋವಿಲ್ಲ, ಬಾಯಿ ಸಿಕ್ಕಿಕೊಳ್ಳುವುದಿಲ್ಲ ಎಂದಾದರೆ ಚಿಕಿತ್ಸೆಯೇ ಬೇಡ.

3. ಮೂರು ಬೆರಳು ಅಡ್ಡಲಾಗಿ ಜೋಡಿಸಿ ಬಾಯಲ್ಲಿಟ್ಟು ನೋಡಿ. ಹಿಡಿಸದಿದ್ದರೆ ವೈದ್ಯರಿಗೆ ತೋರಿಸಿ. ಅಡಿಕೆ, ಗುಟ್ಕಾ ಜಗಿಯುವವರಂತೂ ತಡಮಾಡಲೇಬಾರದು. ಅವರಲ್ಲಿ ಕೀಲು ಸರಿಯಿದ್ದೂ ಕೆನ್ನೆಯ ಒಳಪದರ ಬಿಗಿದು ಬಾಯಿ ಕಟ್ಟಬಹುದು. ಅದು ಕ್ಯಾನ್ಸರಿಗೆ ತಿರುಗಬಹುದಾದ ಬೇರೆಯೇ ಕಾಯಿಲೆ.

4. ಹಲ್ಲಿಗೆ ಹಲ್ಲು ತಾಗಿಸಬೇಡಿ. ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ ಸೂತ್ರ ಇದು. ಊಟ ಮಾಡುವಾಗ, ನುಂಗುವಾಗ ಬಿಟ್ಟರೆ ಮೇಲಿನ ಮತ್ತು ಕೆಳಗಿನ ಹಲ್ಲುಗಳ ನಡುವೆ ಸಣ್ಣ ಸಂದು ಇರಬೇಕು. ಟ್ರಾಫಿಕ್ಕಿನಲ್ಲಿ ಸ್ಟೀರಿಂಗ್ ಹಿಡಿದಾಗ, ಮೊಬೈಲ್ ನೋಡುವಾಗ, ಲೆಕ್ಕ ಸರಿಹೊಂದದಿದ್ದಾಗ ನಿಮ್ಮ ದವಡೆ ಹೇಗಿದೆ ಎಂದು ಗಮನಿಸಿ. ಕಚ್ಚಿಕೊಂಡಿದ್ದರೆ ತುಟಿ ಮುಚ್ಚಿ, ಹಲ್ಲು ಬಿಡಿಸಿ, ನಾಲಿಗೆಯ ತುದಿಯನ್ನು ಮೇಲಿನ ಹಲ್ಲುಗಳ ಹಿಂದೆ ಅಂಗುಳಕ್ಕೆ ಹಗುರಾಗಿ ತಾಗಿಸಿ. ಕಂಪ್ಯೂಟರಿನ ಅಂಚಿಗೆ ಒಂದು ಚೀಟಿ ಅಂಟಿಸಿಕೊಳ್ಳಿ: "ಹಲ್ಲು ಬಿಡು".

5. ನೋವಿರುವ ದಿನಗಳಲ್ಲಿ ಚಕ್ಕುಲಿ, ಕೋಡುಬಳೆ, ಚೂಯಿಂಗ್ ಗಮ್ ಬೇಡ. ಮೆದು ಅನ್ನ, ಇಡ್ಲಿ ಸಾಕು. ಕೆನ್ನೆಗೆ ಬಿಸಿ ಬಟ್ಟೆಯ ಶಾಖ ಕೊಡಿ. ಆಕಳಿಕೆ ಬಂದರೆ ಗಲ್ಲಕ್ಕೆ ಕೈ ಆನಿಸಿ.

6. ರಾತ್ರಿ ಹಲ್ಲು ಕಡಿಯುವವರು ದಂತವೈದ್ಯರಿಂದ ಹಲ್ಲಿನ ಮೇಲೆ ಕೂರುವ, ಅಳತೆಗೆ ತಕ್ಕ ಕವಚ (ಸ್ಪ್ಲಿಂಟ್) ಮಾಡಿಸಿಕೊಳ್ಳಿ.

7. ಹಿಂದಿರುಗಿಸಲಾಗದ ಚಿಕಿತ್ಸೆಗೆ ಬೇಗ ಒಪ್ಪಬೇಡಿ. ಕೀಲುನೋವಿಗೆಂದು ಒಳ್ಳೆಯ ಹಲ್ಲುಗಳನ್ನು ಉಜ್ಜಿ ಸವೆಸಿಕೊಳ್ಳುವುದು ಖಂಡಿತ ಬೇಡ. ಹೆಚ್ಚಿನವರಿಗೆ ವ್ಯಾಯಾಮ, ಮಾತ್ರೆ, ವಿಶ್ರಾಂತಿಯಲ್ಲೇ ಗುಣವಾಗುತ್ತದೆ. ಆಗದಿದ್ದರೆ ಸೂಜಿಯಿಂದ ಕೀಲನ್ನು ತೊಳೆಯುವ ಆರ್ಥ್ರೋಸೆಂಟೆಸಿಸ್ ಇದೆ. ತೆರೆದ ಶಸ್ತ್ರಚಿಕಿತ್ಸೆ ಕೊನೆಯದು.

8. ಬಾಯಿ ತೆರೆದೇ ಸಿಕ್ಕಿಕೊಂಡರೆ ಮಾತ್ರ ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ.

9. ಮಗು ಗಲ್ಲ ಊರಿ ಬಿದ್ದರೆ ಹೊರಗಿನ ಗಾಯಕ್ಕೆ ಹೊಲಿಗೆ ಹಾಕಿಸಿ ಸುಮ್ಮನಾಗಬೇಡಿ. ಪೆಟ್ಟು ಕೀಲಿಗೂ ತಲುಪಿರಬಹುದು. ಗಮನಿಸದಿದ್ದರೆ ಮೂಳೆ ಬೆಸೆದು ಬಾಯಿ ತೆರೆಯದಂತಾಗಿ, ಕೆಳದವಡೆಯ ಬೆಳವಣಿಗೆಯೇ ಕುಂಠಿತವಾಗಬಹುದು. ಮುಂದಿನ ಕೆಲವು ತಿಂಗಳು ಮಗು ಎಷ್ಟು ಬಾಯಿ ತೆರೆಯುತ್ತಿದೆ ಎಂದು ನೋಡುತ್ತಿರಿ.