ಒಂದೇ ಸರ್ವರಿನಲ್ಲಿ ಎರಡು ಪೈಥಾನ್

ನಿಶ್ಚಲ ಸ್ಥಿತಿಯಿಂದ ಬಿಟ್ಟ ಕಲ್ಲು ೨ ಸೆಕೆಂಡುಗಳಲ್ಲಿ ಎಷ್ಟು ದೂರ ಬೀಳುವುದು? ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಯಾವ ವಿದ್ಯಾರ್ಥಿಯನ್ನು ಕೇಳಿದರೂ ೧೯.೬ ಮೀಟರ್ ಎಂದು ಹೇಳಿಯಾನು. ಇದೇ ಲೆಕ್ಕವನ್ನು ೧/೨ × ೯.೮ × ೨ × ೨ ಎಂಬ ಕ್ರಮದಲ್ಲಿ ಪೈಥಾನ್ ಎಂಬ ಗಣಕಭಾಷೆಯಲ್ಲಿ ಬರೆಯೋಣ. ಪೈಥಾನ್ ೩ ಕೊಡುವ ಉತ್ತರ ೧೯.೬, ಪೈಥಾನ್ ೨ ಕೊಡುವ ಉತ್ತರ ಸೊನ್ನೆ! ಪೂರ್ಣಾಂಕವನ್ನು ಪೂರ್ಣಾಂಕದಿಂದ ಭಾಗಿಸುವಾಗ ಹಳೆಯ ಆವೃತ್ತಿಯು ದಶಮಾಂಶ ಭಾಗವನ್ನು ಬಿಟ್ಟುಬಿಡುವುದೇ ಇದಕ್ಕೆ ಕಾರಣ. ಆದ್ದರಿಂದ ಯಾವ ಆವೃತ್ತಿಯು ಕೆಲಸಮಾಡುತ್ತಿದೆ ಎಂಬುದನ್ನು ತಿಳಿದಿರುವುದು ಅವಶ್ಯ.

ಹಾಗಾದರೆ ಹಳೆಯದನ್ನು ಕಿತ್ತು ಹೊಸದನ್ನು ಇರಿಸಬಾರದೆ? ಸರ್ವರಿನಲ್ಲಿ ಹಾಗೆ ಮಾಡಲಾಗದು. ೨೦೧೪ರಲ್ಲಿ ಹೊರಬಂದ ಸೆಂಟ್‌ಓಎಸ್ ೭ರಲ್ಲಿ ತಂತ್ರಾಂಶಗಳನ್ನು ತರಿಸಿ ಜೋಡಿಸುವ 'ಯಮ್' ಎಂಬ ಸಾಧನವೇ ಪೈಥಾನ್ ೨.೭ರಲ್ಲಿ ರಚಿತವಾಗಿತ್ತು. ಅದನ್ನು ಅಳಿಸಿದರೆ ಯಮ್ ನಿಂತುಹೋಗುತ್ತಿತ್ತು. ೨೦೨೨ರ ಉಬುಂಟು ೨೨.೦೪ರ ಮೂಲ ಆವೃತ್ತಿ ೩.೧೦. ರಕ್ಷಣೆಯ ತಿದ್ದುಪಡಿಗಳನ್ನು ತಾನಾಗಿ ಅಳವಡಿಸುವ ಅದರ ಸಾಧನವು ಇದನ್ನೇ ನಂಬಿದೆ. 'ಪೈಥಾನ್೩' ಎಂಬ ವ್ಯವಸ್ಥೆಯ ಕೊಂಡಿಯನ್ನು ಹೊಸ ಆವೃತ್ತಿಯ ಕಡೆಗೆ ತಿರುಗಿಸಿದರೆ, ೩.೧೦ಕ್ಕಾಗಿ ಸಿದ್ಧಪಡಿಸಿದ ಭಾಗಗಳು ಅದಕ್ಕೆ ದೊರೆಯವು. ತಿದ್ದುಪಡಿಗಳು ಸದ್ದಿಲ್ಲದೆ ನಿಂತುಹೋಗುವುವು.

ಗಣಕವು ಹೆಸರನ್ನು ಹುಡುಕುವ ರೀತಿಯನ್ನು ಈಗ ನೋಡೋಣ. ಒಂದು ಊರಿನಲ್ಲಿ ಬಸಪ್ಪ ಎಂಬ ಹೆಸರಿನವರು ಇಬ್ಬರು. ಪತ್ರದ ಮೇಲೆ ಬರಿಯ 'ಬಸಪ್ಪ' ಎಂದಿದ್ದರೆ ಅಂಚೆಯವನು ಓಣಿಗಳನ್ನು ಕ್ರಮವಾಗಿ ಸುತ್ತಿ, ಮೊದಲು ಸಿಕ್ಕ ಬಸಪ್ಪನಿಗೆ ಅದನ್ನು ಕೊಟ್ಟಾನು. ಮನೆತನದ ಹೆಸರೂ ಇದ್ದರೆ ಗೊಂದಲವಿಲ್ಲ. ಗಣಕವೂ ಹೀಗೆಯೇ. 'ಪಾಥ್' ಎಂಬ ಪಟ್ಟಿಯಲ್ಲಿರುವ ಕೋಶಗಳನ್ನು ಅದು ಅನುಕ್ರಮವಾಗಿ ಶೋಧಿಸಿ, ಮೊದಲು ದೊರೆತುದನ್ನೇ ನಡೆಸುತ್ತದೆ.

ಆದುದರಿಂದ ಹೊಸದಕ್ಕೆ ಪ್ರತ್ಯೇಕ ಸ್ಥಳವನ್ನೂ ಪ್ರತ್ಯೇಕ ಹೆಸರನ್ನೂ ಕೊಡಬೇಕು. ಉದಾಹರಣೆಗೆ, ೨೦೨೪ರಲ್ಲಿ ಬಂದ ಪೈಥಾನ್ ೩.೧೩ನ್ನು ತೆಗೆದುಕೊಳ್ಳೋಣ. ಮೊದಲು ಸಿ ಕಂಪೈಲರನ್ನೂ ಓಪನ್‌ಎಸ್‌ಎಸ್‌ಎಲ್ ಮೊದಲಾದ ಅಭಿವರ್ಧನ ಕಡತಗಳನ್ನೂ ಒದಗಿಸಿಕೊಳ್ಳಬೇಕು. ಅನಂತರ ಅಧಿಕೃತ ತಾಣದಿಂದ ಮೂಲಸಂಕೇತವನ್ನು ಇಳಿಸಿ ಬಿಡಿಸಿ, 'ಕಾನ್ಫಿಗರ್', 'ಮೇಕ್' ಆಜ್ಞೆಗಳನ್ನು ಕೊಡಬೇಕು. ಕೊನೆಯಲ್ಲಿ ಬರಿಯ 'ಇನ್‌ಸ್ಟಾಲ್' ಬೇಡ. 'ಮೇಕ್ ಆಲ್ಟ್‌ಇನ್‌ಸ್ಟಾಲ್' ಎಂದೇ ಕೊಡಬೇಕು. ಆಗ ಹೊಸದು 'ಯೂಸರ್-ಲೋಕಲ್' ಕೋಶದಲ್ಲಿ 'ಪೈಥಾನ್೩.೧೩' ಎಂಬ ಪೂರ್ಣನಾಮದಿಂದಲೇ ನೆಲಸುವುದು. 'ಪೈಥಾನ್೩' ಎಂಬ ಹೆಸರು ಹಳೆಯದಕ್ಕೇ ಉಳಿಯುವುದು. ಎರಡೂ ಹೆಸರುಗಳಿಗೆ ಆವೃತ್ತಿಯನ್ನು ಕೇಳಿ ಪರೀಕ್ಷಿಸಿದರೆ ಇದು ಖಚಿತವಾಗುವುದು.

ಇನ್ನೊಂದು ಎಚ್ಚರಿಕೆಯೂ ಉಂಟು. ಪ್ರತಿಯೊಂದು ಯೋಜನೆಗೂ 'ವೆನ್ವ್' ಎಂಬ ಪ್ರತ್ಯೇಕ ಆವರಣವನ್ನು ರಚಿಸಿ, ಬೇಕಾದ ಗ್ರಂಥಾಲಯಗಳನ್ನು ಅದರೊಳಗೇ ಇಡುವುದು ಲೇಸು. ಆಗ ಒಬ್ಬ ವಿದ್ಯಾರ್ಥಿಯ ಪ್ರಯೋಗವು ಮತ್ತೊಬ್ಬನ ಲೆಕ್ಕವನ್ನು ಕೆಡಿಸದು. ಎಲ್ಲರೂ ಬಳಸುವ ಸರ್ವರಿಗೂ ಅಪಾಯವಿರದು.