ಆಗಸದ ಮಾತು ಮತ್ತು ಅದರ ಮರುನುಡಿ

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಜನರಿಗೆ ವಿಮಾನವು ಈಗ ಅಪರೂಪದ ನೋಟವಲ್ಲ. ೨೦೦೮ರಲ್ಲಿ ದೇವನಹಳ್ಳಿಯ ಬಳಿ ಬೆಂಗಳೂರಿನ ಹೊಸ ವಿಮಾನ ನಿಲ್ದಾಣವು ಆರಂಭವಾಯಿತು. ಅಂದಿನಿಂದ ಈ ಸೀಮೆಯ ಇರುಳಿನಲ್ಲಿ ನಕ್ಷತ್ರಗಳ ನಡುವೆ ಚಲಿಸುವ ದೀಪಗಳು ಹೆಚ್ಚಾಗಿವೆ. ಆ ವಿಮಾನಗಳು ಒಂದರ ಹತ್ತಿರಕ್ಕೊಂದು ಬಾರದಂತೆ ನೋಡಿಕೊಳ್ಳುವವರು ನೆಲದ ಮೇಲಿರುವ ನಿಯಂತ್ರಣಾಧಿಕಾರಿಗಳು. ರೇಡಾರ್ ಅವರ ಕಣ್ಣಾದರೆ ರೇಡಿಯೋ ಅವರ ಬಾಯಿ. ಆ ಬಾಯಿಂದ ಹೊರಟ ಮಾತು ಚಾಲಕನ ಕಿವಿಗೆ ಬೇರೊಂದಾಗಿ ಬಿದ್ದರೆ ಏನಾಗುವುದು? ಅದಕ್ಕೆ ಕಂಡುಕೊಂಡಿರುವ ಉಪಾಯವೇನು? ಇದನ್ನು ಇಲ್ಲಿ ವಿಚಾರಿಸೋಣ.

ನಿಲ್ದಾಣದ ಸಮೀಪದಲ್ಲಿ ವಿಮಾನದ ಎತ್ತರವನ್ನು ಸಮುದ್ರಮಟ್ಟದಿಂದ ಅಳೆದು ಅಡಿಗಳಲ್ಲಿ ಹೇಳುವುದು ರೂಢಿ. ದೇವನಹಳ್ಳಿಯ ನಿಲ್ದಾಣವೇ ಸುಮಾರು ೩,೦೦೦ ಅಡಿ ಎತ್ತರದಲ್ಲಿದೆ. ಮಧುಗಿರಿಯ ಏಕಶಿಲಾ ಬೆಟ್ಟದ ನೆತ್ತಿಯು ಸುಮಾರು ೩,೯೦೦ ಅಡಿ. ೬,೦೦೦ ಅಡಿಯಲ್ಲಿ ಹಾರುವವನಿಗೆ ಆ ಬೆಟ್ಟವು ಕೆಳಗಿನ ರಮಣೀಯ ದೃಶ್ಯ. ೩,೦೦೦ ಅಡಿಯಲ್ಲಿ ಹಾರುವವನಿಗೆ ಅದು ಎದುರಿನ ಗೋಡೆ. ಇವೆರಡರ ನಡುವೆ ಇರುವುದು ಒಂದೇ ಅಂಕಿಯ ವ್ಯತ್ಯಾಸ.

ಒಂದೇ ಧ್ವನಿಗೆ ಎರಡು ಅರ್ಥಗಳಿರುವುದು ಎಲ್ಲ ಭಾಷೆಗಳಲ್ಲಿಯೂ ಉಂಟು. ಕಡಲೆಕಾಯಿ ಮೂಟೆಯ ಮೇಲೆ ಕುಳಿತವನಿಗೆ ದೂರದಿಂದ “ಏಳು” ಎಂದು ಕೂಗಿದರೆ, ಅವನು ಮೇಲೇಳಬೇಕೋ, ಏಳು ಮೂಟೆ ಎಣಿಸಬೇಕೋ? ಕನ್ನಡವೂ ತೆಲುಗೂ ಬಳಕೆಯಲ್ಲಿರುವ ಪಾವಗಡದಲ್ಲಿ “ಕೊಂಡ” ಎಂದರೆ ಒಬ್ಬನಿಗೆ ಕೆಂಡ ತುಂಬಿದ ಗುಂಡಿ, ಮತ್ತೊಬ್ಬನಿಗೆ ಬೆಟ್ಟ! ಎದುರಿಗೆ ನಿಂತು ಮಾತನಾಡುವಾಗ ಮುಖಭಾವವೂ ಕೈಸನ್ನೆಯೂ ನೆರವಿಗೆ ಬರುತ್ತವೆ. ರೇಡಿಯೋದಲ್ಲಿ ಅವೆರಡೂ ಇಲ್ಲ.

ಇಂಗ್ಲಿಷಿನಲ್ಲಿ “ಟೂ” ಎಂಬ ಧ್ವನಿಗೆ “ಎರಡು” ಎಂಬ ಅರ್ಥವೂ ಉಂಟು, “ವರೆಗೆ” ಎಂಬ ಅರ್ಥವೂ ಉಂಟು. ೧೯೮೯ರ ಫೆಬ್ರವರಿ ೧೯ರಂದು ಸಿಂಗಪುರದಿಂದ ಕ್ವಾಲಾಲಂಪುರಕ್ಕೆ ಬರುತ್ತಿದ್ದ ಫ್ಲೈಯಿಂಗ್ ಟೈಗರ್ ಸಂಸ್ಥೆಯ ಸರಕು ವಿಮಾನಕ್ಕೆ ೨,೪೦೦ ಅಡಿಗೆ ಇಳಿಯುವಂತೆ ಆಜ್ಞೆಯಾಯಿತು. ಅಧಿಕಾರಿಯು ಸಂಖ್ಯೆಯನ್ನು “ಟೂ, ಫೋರ್, ಜೀರೋ, ಜೀರೋ” ಎಂದು ಬಿಡಿಬಿಡಿಯಾಗಿ ನುಡಿದರು. ಚಾಲಕರು ಅದನ್ನು “೪೦೦ರ ವರೆಗೆ” ಎಂದು ಗ್ರಹಿಸಿ, “ಫೋರ್, ಜೀರೋ, ಜೀರೋ” ಎಂದಷ್ಟೇ ಮರುನುಡಿದರು. ಆ ತಪ್ಪನ್ನು ಯಾರೂ ತಿದ್ದಲಿಲ್ಲ. ವಿಮಾನವು ಸುಮಾರು ೪೩೭ ಅಡಿ ಎತ್ತರದ ಗುಡ್ಡವೊಂದಕ್ಕೆ ಬಡಿದು, ಅದರಲ್ಲಿದ್ದ ನಾಲ್ವರೂ ಮೃತರಾದರು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ತಪ್ಪಾಗಿ ಕೇಳಿದ್ದು ಮೊದಲ ದೋಷ. ಆದರೆ ಅದನ್ನು ಹಿಡಿಯಲು ಒಂದು ಅವಕಾಶವಿತ್ತು. ಚಾಲಕನು ಎತ್ತರ, ದಿಕ್ಕು, ರನ್‌ವೇ ಮೊದಲಾದ ಮುಖ್ಯ ಆಜ್ಞೆಗಳನ್ನು ತಿರುಗಿ ಹೇಳತಕ್ಕದ್ದು. ಅಧಿಕಾರಿಯು ಅದನ್ನು ಕಿವಿಗೊಟ್ಟು ಕೇಳಿ, ತಪ್ಪಿದ್ದರೆ ಆ ಕ್ಷಣವೇ ತಿದ್ದತಕ್ಕದ್ದು. ಇದು ಅಂತರರಾಷ್ಟ್ರೀಯ ನಿಯಮ. ಎರಡನೆಯ ಭಾಗವು ನಡೆಯದಿದ್ದರೆ ಮೊದಲನೆಯದು ಬರಿಯ ಉಪಚಾರ. ಸಂಖ್ಯೆಯನ್ನು “ಎರಡು ಸಾವಿರದ ನಾಲ್ಕು ನೂರು ಅಡಿ” ಎಂದು ಪೂರ್ಣವಾಗಿ ನುಡಿಯಬೇಕೆಂಬ ನಿಯಮವೂ ಇಂಥ ಗೊಂದಲವನ್ನು ತಡೆಯುವುದಕ್ಕಾಗಿಯೇ ಇದೆ. “ನೈನ್” ಎಂಬುದು “ಫೈವ್” ಎಂದು ಕೇಳಿಸದಿರಲೆಂದು ಅದನ್ನು “ನೈನರ್” ಎನ್ನುತ್ತಾರೆ.

ರೇಡಿಯೋಗೆ ಮತ್ತೊಂದು ಮಿತಿಯುಂಟು: ಒಂದೇ ತರಂಗದಲ್ಲಿ ಇಬ್ಬರು ಏಕಕಾಲಕ್ಕೆ ಮಾತನಾಡಿದರೆ ಕೇಳುವವನಿಗೆ ಸಿಗುವುದು ಕೀರಲು ಸದ್ದು. ೧೯೭೭ರ ಮಾರ್ಚ್ ೨೭ರಂದು ಸ್ಪೇನಿನ ಟೆನೆರೀಫ್ ದ್ವೀಪದಲ್ಲಿ ಮಂಜು ಕವಿದ ರನ್‌ವೇಯ ಮೇಲೆ ಎರಡು ದೊಡ್ಡ ವಿಮಾನಗಳಿದ್ದವು. ಹೊರಡಲು ಅನುಮತಿಯಿಲ್ಲದೆಯೇ ಡಚ್ ವಿಮಾನವು ಓಡತೊಡಗಿತು. ಕಾದಿರುವಂತೆ ಗೋಪುರದವರು ಹೇಳಿದ ಮಾತೂ, ತಾವಿನ್ನೂ ರನ್‌ವೇಯಲ್ಲಿರುವೆವೆಂದು ಅಮೆರಿಕದ ವಿಮಾನದವರು ಹೇಳಿದ ಮಾತೂ ಒಂದರ ಮೇಲೊಂದು ಬಿದ್ದವು. ಗೋಪುರದವರ ಮಾತಿನಲ್ಲಿ ಡಚ್ ಚಾಲಕರಿಗೆ ಸ್ಪಷ್ಟವಾಗಿ ಕೇಳಿಸಿದುದು ಮೊದಲ “ಓಕೆ” ಮಾತ್ರ. ೫೮೩ ಮಂದಿ ಸತ್ತರು. ಅದರ ಬಳಿಕ “ಟೇಕ್‌ ಆಫ್” ಎಂಬ ಪದವನ್ನು ಹಾರಲು ಅನುಮತಿ ಕೊಡುವಾಗ ಅಥವಾ ಹಿಂತೆಗೆದುಕೊಳ್ಳುವಾಗ ಮಾತ್ರ ಬಳಸಬೇಕೆಂಬ ಕಟ್ಟುಪಾಡು ಬಂದಿತು.

ಮಾತು ಕೆಡುವುದರಿಂದಷ್ಟೇ ಅಲ್ಲ, ಆಡದೆ ಉಳಿಯುವುದರಿಂದಲೂ ಅಪಾಯವುಂಟು. ೨೦೨೨ರ ಜನವರಿ ೭ರ ಬೆಳಿಗ್ಗೆ ಬೆಂಗಳೂರಿನಲ್ಲಿ ಉತ್ತರದ ರನ್‌ವೇಯಿಂದ ವಿಮಾನಗಳು ಹೊರಡುತ್ತಿದ್ದವು; ದಕ್ಷಿಣದ್ದರಲ್ಲಿ ಇಳಿಯುತ್ತಿದ್ದವು. ಅನಂತರ ಉತ್ತರದ್ದೊಂದನ್ನೇ ಬಳಸಲು ನಿಶ್ಚಯವಾಯಿತು. ದಕ್ಷಿಣದ್ದನ್ನು ನೋಡಿಕೊಳ್ಳುತ್ತಿದ್ದ ಅಧಿಕಾರಿಗೆ ಆ ಸಂಗತಿ ತಲುಪಲಿಲ್ಲ. ಇಬ್ಬರು ಅಧಿಕಾರಿಗಳೂ ತಮ್ಮ ತಮ್ಮ ರನ್‌ವೇಯಿಂದ ಏಕಕಾಲಕ್ಕೆ ಅನುಮತಿಯಿತ್ತರು. ಕೊಲ್ಕತ್ತೆಗೂ ಭುವನೇಶ್ವರಕ್ಕೂ ಹೊರಟ ಇಂಡಿಗೋ ಸಂಸ್ಥೆಯ ಎರಡು ವಿಮಾನಗಳು, ಒಟ್ಟು ೪೦೦ಕ್ಕೂ ಹೆಚ್ಚು ಜನರೊಡನೆ, ಮೇಲೇರಿ ಒಂದರತ್ತ ಒಂದು ಸರಿಯತೊಡಗಿದವು. ರೇಡಾರ್ ಮುಂದೆ ಕುಳಿತಿದ್ದ ಅಧಿಕಾರಿಯು ಅದನ್ನು ಕಂಡು, ಎರಡನ್ನೂ ಬೇರೆ ಬೇರೆ ದಿಕ್ಕಿಗೆ ತಿರುಗಿಸಿದ್ದರಿಂದ ಅನಾಹುತ ತಪ್ಪಿತು. ಅಲ್ಲಿ ಚಾಲಕರು ಆಜ್ಞೆಯನ್ನು ಸರಿಯಾಗಿಯೇ ಪಾಲಿಸಿದ್ದರು. ಮುರಿದುದು ಅಧಿಕಾರಿಗಳೊಳಗಿನ ಸಂಪರ್ಕದ ಕೊಂಡಿ.

ಈ ಪ್ರಸಂಗಗಳಿಂದ ತಿಳಿಯುವುದೇನೆಂದರೆ, ಹೇಳಿದ ಮಾತ್ರಕ್ಕೆ ವಿಷಯವು ತಲುಪಿದಂತಾಗದು. ಅದು ಕೇಳಿದವನ ಬಾಯಿಂದ ತಿರುಗಿ ಬಂದು, ಹೇಳಿದವನ ಕಿವಿಯಲ್ಲಿ ಪರೀಕ್ಷೆಗೊಳಗಾದ ಮೇಲೆಯೇ ಅದರ ಪ್ರಯಾಣವು ಮುಗಿಯುತ್ತದೆ. ವೈದ್ಯರು ಫೋನಿನಲ್ಲಿ ಹೇಳಿದ ಔಷಧದ ಪ್ರಮಾಣವನ್ನು ಒಮ್ಮೆ ತಿರುಗಿ ಹೇಳಿ “ಸರಿಯೇ?” ಎಂದು ಕೇಳಲು ಯಾವ ಯಂತ್ರವೂ ಬೇಕಿಲ್ಲ. ಆಗಸದ ಈ ಅಭ್ಯಾಸವನ್ನು ನಮ್ಮ ಮನೆಗಳಲ್ಲಿಯೂ ರೂಢಿಸಿಕೊಳ್ಳಬಹುದು.