ಗಾಣದಿಂದ ಒಗ್ಗರಣೆಯವರೆಗೆ: ಗಡಿನಾಡಿನ ಮನೆಗೆ ಎಣ್ಣೆಯ ಆಯ್ಕೆ

ರಾಯದುರ್ಗದ ಕಡೆ ಶೇಂಗಾ, ಮಡಕಶಿರದ ಕಡೆ ಕಡಲೆಕಾಯಿ, ನೆರೆಮನೆಯ ತೆಲುಗಿನಲ್ಲಿ ವೇರುಶನಗ. ಹೆಸರು ಮೂರಾದರೂ ಕೆಂಪುನೆಲದಿಂದ ಕಿತ್ತು ತರುವ ಕಾಯಿ ಒಂದೇ. 1953ರಲ್ಲಿ ರಾಯದುರ್ಗ ತಾಲ್ಲೂಕು ಬಳ್ಳಾರಿ ಜಿಲ್ಲೆಯನ್ನು ತೊರೆದು ಆಂಧ್ರಕ್ಕೆ ಸೇರಿತು, 2022ರಲ್ಲಿ ಮಡಕಶಿರವು ಅನಂತಪುರದಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ಗಡಿಗಳು ಹೀಗೆ ಸರಿದಾಡಿದರೂ ಬೆಳೆ ಸರಿಯಲಿಲ್ಲ. ಸರಿದದ್ದು ಅಡುಗೆಮನೆಯ ಎಣ್ಣೆ. ಹೊಲದಲ್ಲಿ ಕಡಲೆಕಾಯಿ ಬೆಳೆದು, ಅದನ್ನು ಮಾರಿ, ಆ ದುಡ್ಡಿನಿಂದ ಪೊಟ್ಟಣದ ತಾಳೆ ಎಣ್ಣೆಯನ್ನು ತರುವ ಮನೆಗಳು ಈಗ ವಿರಳವಲ್ಲ. ಈ ವ್ಯಾಪಾರದಲ್ಲಿ ಲಾಭವೆಷ್ಟು, ನಷ್ಟವೆಷ್ಟು ಎಂಬುದನ್ನು ಅರಿಯಬೇಕಾದರೆ ಎಣ್ಣೆಯೊಳಗೆ ಏನಿದೆ ಎಂಬುದನ್ನು ಮೊದಲು ನೋಡತಕ್ಕದ್ದು.

ಎಲ್ಲ ಎಣ್ಣೆಯೂ ತುಪ್ಪವೂ ಮೂಲತಃ ಕೊಬ್ಬಿನಾಮ್ಲಗಳ ಕೂಟವೇ. ಇಂಗಾಲದ ಸರಪಳಿ ನೆಟ್ಟಗಿದ್ದರೆ ಅದು ಸಂತೃಪ್ತ. ಅಂಥವು ಕಟ್ಟಿಗೆ ಒಟ್ಟಿದಂತೆ ಒತ್ತಾಗಿ ಕುಳಿತು ಬೇಗನೆ ಗಟ್ಟಿಯಾಗುತ್ತವೆ. ಸರಪಳಿಯಲ್ಲಿ ಒಂದು ದ್ವಿಬಂಧವಿದ್ದು ಅಲ್ಲಿ ಬಾಗಿದರೆ ಏಕ-ಅಸಂತೃಪ್ತ, ಎರಡು ಅಥವಾ ಹೆಚ್ಚಿದ್ದರೆ ಬಹು-ಅಸಂತೃಪ್ತ. ಕೊಬ್ಬರಿ ಎಣ್ಣೆಯ ನೂರಕ್ಕೆ ತೊಂಬತ್ತರಷ್ಟು ಸಂತೃಪ್ತವಾದುದರಿಂದಲೇ, 24 ಡಿಗ್ರಿಗಿಂತ ತಣ್ಣಗಾದ ಮಾರ್ಗಶಿರದ ಮುಂಜಾನೆ ಅದು ಶೀಶೆಯೊಳಗೆ ಮೇಣದಂತೆ ಹೆಪ್ಪುಗಟ್ಟಿರುವುದು. ತುಪ್ಪದಲ್ಲಿ ಸುಮಾರು ಅರವತ್ತು, ತಾಳೆ ಎಣ್ಣೆಯಲ್ಲಿ ಸುಮಾರು ಅರ್ಧ ಭಾಗ ಈ ಜಾತಿಯದು. ಕುಸುಬೆ, ಸೂರ್ಯಕಾಂತಿ, ಹುಚ್ಚೆಳ್ಳುಗಳಲ್ಲಿ ಲಿನೋಲಿಕ್ ಎಂಬ ಬಹು-ಅಸಂತೃಪ್ತದ್ದೇ ಮೇಲುಗೈ. ಎಳ್ಳೆಣ್ಣೆಯಲ್ಲಿ ಒಲಿಯಿಕ್ ಎಂಬ ಏಕ-ಅಸಂತೃಪ್ತ ಮತ್ತು ಲಿನೋಲಿಕ್ ಸರಿಸುಮಾರು ಸಮ.

ನಮ್ಮ ಕಡಲೆಕಾಯಿಯೋ, ನಡುದಾರಿಯದು: ಒಲಿಯಿಕ್ ನೂರಕ್ಕೆ ನಲವತ್ತರಿಂದ ಐವತ್ತು, ಲಿನೋಲಿಕ್ ಮೂವತ್ತರ ಆಸುಪಾಸು, ಪಾಲ್ಮಿಟಿಕ್ ಎಂಬ ಸಂತೃಪ್ತ ಹತ್ತು-ಹನ್ನೆರಡು. ಉಳಿದ ಚೂರಿನಲ್ಲಿ ಇಪ್ಪತ್ತು, ಇಪ್ಪತ್ತೆರಡು ಇಂಗಾಲಗಳ ನೀಳ ಸರಪಳಿಗಳಿವೆ. ಅವುಗಳಲ್ಲೊಂದಾದ ಅರಾಕಿಡಿಕ್ ಆಮ್ಲಕ್ಕೆ ಕಡಲೆಕಾಯಿಯ ಸಸ್ಯನಾಮವಾದ ಅರಾಕಿಸ್‌ನಿಂದಲೇ ಹೆಸರು ಬಂದಿದೆ. ಒಂದು ಲೋಟ ಕಡಲೆಕಾಯಿ ಎಣ್ಣೆ, ಒಂದು ಲೋಟ ಸೂರ್ಯಕಾಂತಿ ಎಣ್ಣೆಯನ್ನು ರಾತ್ರಿಯೆಲ್ಲ ಫ್ರಿಜ್ಜಿನಲ್ಲಿಟ್ಟು ಬೆಳಗ್ಗೆ ತೆಗೆಯಿರಿ: ಮೊದಲನೆಯದು ಮಬ್ಬಾಗಿ ಮಂದವಾಗಿರುತ್ತದೆ, ಎರಡನೆಯದು ತಿಳಿಯಾಗಿಯೇ ಇರುತ್ತದೆ. ಎಣ್ಣೆ ಕೆಟ್ಟಿತೆಂದು ಅಂಗಡಿಗೆ ಹೊತ್ತೊಯ್ಯುವ ಕಾರಣವಿಲ್ಲ. ಅದು ಆ ನೀಳ ಸರಪಳಿಗಳ ಕೆಲಸ.

ಇನ್ನು ಗಾಣಕ್ಕೆ ಹೋಗುವ ವಿಚಾರ. ಕಾಯಿಯನ್ನು ಕಿವಿಯ ಬಳಿ ಅಲುಗಿಸಿದಾಗ ಬೀಜ ಗಲಗಲವೆನ್ನುವವರೆಗೆ ಒಣಗಿಸಿ, ಸುಲಿದು, ಮೊರದ ಮೇಲೆ ಹರಡಿ ಆರಿಸಲು ಕುಳಿತುಕೊಳ್ಳಿ. ಇದೊಂದು ಕೆಲಸದಲ್ಲಿ ಸೋಮಾರಿತನ ಸಲ್ಲದು. ಕಾಯಿ ಬಲಿಯುವ ಹೊತ್ತಿಗೆ ಮಳೆ ಕೈಕೊಡುವುದು ನಮ್ಮ ಸೀಮೆಯ ಹಣೆಬರಹವಷ್ಟೆ; ಬಾಯಾರಿದ ಗಿಡದ ಕಾಯಿಗೆ ಹತ್ತುವ ಒಂದು ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉಂಟುಮಾಡುತ್ತದೆ. ಸುಕ್ಕಿದ್ದು, ಕಪ್ಪಾದದ್ದು, ಹಸಿರು ಬೂಷ್ಟು ಕಂಡದ್ದು, ಕಚ್ಚಿದರೆ ಕಹಿಯಾದದ್ದು, ಇವೆಲ್ಲವನ್ನೂ ಎಸೆಯಿರಿ. ದನಗಳಿಗೂ ಹಾಕಬಾರದು, ಹಿಂಡಿಯ ವಿಷ ಎಮ್ಮೆಯ ಹಾಲಿಗೆ ಇಳಿಯುತ್ತದೆ.

ಹತ್ತು ಕಿಲೋ ಒಳ್ಳೆಯ ಬೀಜಕ್ಕೆ ಗಾಣದಲ್ಲಿ ಸುಮಾರು ನಾಲ್ಕು ಕಿಲೋ ಎಣ್ಣೆ ನಿರೀಕ್ಷಿಸಬಹುದು. ತಂದ ಎಣ್ಣೆಯನ್ನು ಸ್ಟೀಲಿನ ಪಾತ್ರೆಯಲ್ಲಿ ಮೂರು ದಿನ ನೆರಳಿನಲ್ಲಿಟ್ಟು, ಗಸಿ ತಳಕ್ಕಿಳಿದ ಬಳಿಕ ಮೇಲಿನದನ್ನು ಬಟ್ಟೆಯಲ್ಲಿ ಸೋಸಿ, ಒಣಗಿದ ಶೀಶೆಗಳಲ್ಲಿ ಕುತ್ತಿಗೆಯವರೆಗೆ ತುಂಬಿ ಕತ್ತಲಲ್ಲಿಡಿ. ಅಜ್ಜಿಯ ಕಾಲದ ತಾಮ್ರದ ಗಿಂಡಿ ಎಷ್ಟೇ ಚೆಂದವಾಗಿದ್ದರೂ ಎಣ್ಣೆಗೆ ಬೇಡ. ತಾಮ್ರ ತಗುಲಿದರೆ ಎಣ್ಣೆ ಬೇಗನೆ ಕಮಟುತ್ತದೆ. ಕಮಟುವುದರಲ್ಲಿಯೂ ಒಂದು ಕ್ರಮವುಂಟು: ದ್ವಿಬಂಧ ಹೆಚ್ಚಿದಷ್ಟೂ ಗಾಳಿಗೆ ಸೋಲುವುದು ಬೇಗ. ಆದುದರಿಂದ ಕುಸುಬೆ, ಸೂರ್ಯಕಾಂತಿ ಎಣ್ಣೆಗಳನ್ನು ತಿಂಗಳಿಗೆ ಸಾಲುವಷ್ಟೇ ತರುವುದು ವಿವೇಕ. ಕಡಲೆಕಾಯಿಯಲ್ಲಿಯೂ ನೂರಕ್ಕೆ ಎಂಬತ್ತರ ಸಮೀಪ ಒಲಿಯಿಕ್ ಇರುವ ಗಿರ್ನಾರ್-4, ಗಿರ್ನಾರ್-5 ತಳಿಗಳು ಬಂದಿವೆ. ಅವುಗಳ ಎಣ್ಣೆ ಹೆಚ್ಚು ಕಾಲ ಬಾಳುತ್ತದೆ.

ಒಗ್ಗರಣೆಗೂ ಕರಿಯುವುದಕ್ಕೂ ಕಡಲೆಕಾಯಿ ಎಣ್ಣೆಯೇ ಸಾಕು. ಕರಿದು ಉಳಿದದ್ದು ಕಪ್ಪಗಾಗಿ, ನೊರೆಯೆದ್ದು, ಬೇಗನೆ ಹೊಗೆಯಾಡತೊಡಗಿದರೆ ಹೊಸದರೊಂದಿಗೆ ಬೆರೆಸದೆ ಚೆಲ್ಲಿಬಿಡಿ. ವನಸ್ಪತಿಯ ಗೊಡವೆಗೆ ಹೋಗದಿರುವುದೇ ಲೇಸು. ಅದರಲ್ಲಿನ ಟ್ರಾನ್ಸ್ ಕೊಬ್ಬು ನೂರಕ್ಕೆ ಎರಡನ್ನು ಮೀರಬಾರದೆಂದು 2022ರಿಂದ ಕಾನೂನಿದೆಯಾದರೂ ನನಗೆ ವನಸ್ಪತಿಯ ಮೇಲೆ ಪ್ರೀತಿಯಿಲ್ಲ.

ಆದರೆ ಊರಿನ ಎಣ್ಣೆಯ ಅಭಿಮಾನದಲ್ಲಿ ಅದರ ಕೊರತೆಯನ್ನು ಮುಚ್ಚಿಡಬಾರದು. ಮೂರು ದ್ವಿಬಂಧಗಳ ಲಿನೋಲೆನಿಕ್, ಅಂದರೆ ಒಮೇಗಾ-3 ಬಳಗದ ಆಮ್ಲ, ಕಡಲೆಕಾಯಿಯಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಅಗಸೆಯ ಎಣ್ಣೆಯಲ್ಲಿ ಅದು ಅರ್ಧಕ್ಕೂ ಮಿಗಿಲು. ಅಗಸೆ ಎಣ್ಣೆ ಒಲೆಯ ಕಾವನ್ನು ತಾಳದು, ಆದರೆ ಬಳ್ಳಾರಿ ಸೀಮೆಯ ಅಗಸೆ ಚಟ್ನಿಪುಡಿ ಇದೆಯಲ್ಲ! ಬೀಜವನ್ನು ಹದವಾಗಿ ಹುರಿದು, ಸ್ವಲ್ಪಸ್ವಲ್ಪವಾಗಿ ಕುಟ್ಟಿ, ರೊಟ್ಟಿಯೊಡನೆ ದಿನಕ್ಕೊಂದು ಚಮಚೆ ತಿಂದರೆ ಆಯಿತು.

ಕೊನೆಗೆ ಅಳತೆ. ಕೂತು ಕೆಲಸಮಾಡುವ ಗಂಡಸಿಗೆ ದಿನಕ್ಕೆ 25 ಗ್ರಾಂ, ಹೆಂಗಸಿಗೆ 20 ಗ್ರಾಂ ಎಂಬುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಲೆಕ್ಕ, ತುಪ್ಪವೂ ಅದರೊಳಗೇ. ಇಬ್ಬರು ಗಂಡಸರು, ಇಬ್ಬರು ಹೆಂಗಸರಿರುವ ಮನೆಗೆ ತಿಂಗಳಿಗೆ 3 ಲೀಟರು.